ಬಾಯಾರಿನಲ್ಲಿ ಮಜ್ಜಿಗೆ ಬೇಡ ಅಂದ ಎರಡು ದಿನ

ಉಪ್ಪಳ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗ್ಗೆ ಎಂಟು ಗಂಟೆ. ಏಪ್ರಿಲ್ ಕೊನೆಯ ವಾರ. ಆಗಲೇ ಬಟ್ಟೆ ಬೆನ್ನಿಗೆ ಅಂಟಿತ್ತು. ನಮ್ಮದು ಹನ್ನೊಂದು ಜನರ ತಂಡ, ಜೊತೆಗೊಬ್ಬ ಗೈಡ್. ಕಾಸರಗೋಡಿನ ಒಳನಾಡಿನಲ್ಲಿ, ಪೈವಳಿಕೆ, ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಸುರಂಗಗಳನ್ನು ನೋಡುವ ಎರಡು ದಿನದ ಪ್ರವಾಸ. ಇಲ್ಲಿ ಸುರಂಗ ಅಂದರೆ ರೈಲು ನುಗ್ಗುವಂಥದ್ದಲ್ಲ. ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಕಿರಿದಾದ ದಾರಿ.

ನಾನು ಮೂರು ವರ್ಷದಿಂದ ವೀಗನ್. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿಂದಲೂ ಇರಲಿಲ್ಲ. ಈಗ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಜೇನು ಕೂಡ ಇಲ್ಲ. ಬಿಟ್ಟದ್ದು ಒಂದು ಕರುವಿನಿಂದಾಗಿ. ನಮ್ಮೂರ ಹತ್ತಿರದ ಒಂದು ಡೇರಿ ಶೆಡ್ಡಿನಲ್ಲಿ, ಹುಟ್ಟಿ ಎರಡೇ ದಿನವಾದ ಗಂಡು ಕರುವನ್ನು ದೂರದ ಮೂಲೆಯಲ್ಲಿ ಕಟ್ಟಿದ್ದರು. ತಾಯಿ ಕೂಗುತ್ತಿತ್ತು. ಅದೂ ಕೂಗುತ್ತಿತ್ತು. ಆ ದಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ.

ಪ್ರವಾಸ ಏರ್ಪಡಿಸಿದವರಿಗೆ ಮೊದಲೇ ಫೋನ್ ಮಾಡಿ ಎಲ್ಲ ಹೇಳಿದ್ದೆ. "ಪ್ಯೂರ್ ವೆಜ್ ಅಲ್ವಾ ಮೇಡಂ, ಏನೂ ಯೋಚನೆ ಮಾಡ್ಬೇಡಿ" ಅಂದಿದ್ದರು. ಮಧ್ಯಾಹ್ನ ಗುಡ್ಡದ ಬುಡದಲ್ಲಿ ಪೊಟ್ಟಣ ಬಿಚ್ಚಿದರೆ ಮೊಸರನ್ನ ಮತ್ತು ತುಪ್ಪ ಸವರಿದ ಚಪಾತಿ. ಹತ್ತಿರದಲ್ಲಿ ಅಂಗಡಿ ಇಲ್ಲ. ಚೀಲದಲ್ಲಿದ್ದ ಕಡಲೆಕಾಯಿ, ನಾಲ್ಕು ಕದಳಿ ಬಾಳೆಹಣ್ಣು ತಿಂದು ಮುಗಿಸಿದೆ. ಬೇಜಾರಾಯಿತು. ಆದರೆ ತಪ್ಪು ಎಲ್ಲಿದೆ ಅಂತ ಹೊಳೆದದ್ದೂ ಆಗಲೇ. ವೀಗನ್ ಅನ್ನುವ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮಲ್ಲಿ ಸಸ್ಯಾಹಾರ ಅಂದರೆ ಹಾಲು-ತುಪ್ಪ ಸೇರಿಯೇ. ತುಪ್ಪವಿಲ್ಲದ ಊಟ ಹಾಕಿದರೆ ಅತಿಥಿಗೆ ಕಡಿಮೆ ಮಾಡಿದಂತೆ. ಇಲ್ಲಿ ನನ್ನ ಪದ ಕೆಲಸಕ್ಕೆ ಬರುವುದಿಲ್ಲ. ಏನು ಬೇಡ, ಏನು ಆಗುತ್ತದೆ ಅಂತ ಒಂದೊಂದಾಗಿ ಹೇಳಬೇಕು.

ಅದಕ್ಕೆ ಗೈಡ್ ಹುಡುಗ ಸಹಾಯ ಮಾಡಿದ. ಬಾಯಾರಿನ ಕಡೆಯವನೇ. 1956ರಲ್ಲಿ ಕೇರಳಕ್ಕೆ ಸೇರಿದ ನೆಲ ಇದು. ಒಂದೇ ಚಾ ಅಂಗಡಿಯಲ್ಲಿ ನಾಲ್ಕು ಭಾಷೆ ಕೇಳುತ್ತದೆ. ಬೆಳಗ್ಗೆ ಕೈಕಂಬದಲ್ಲಿ ಅವನೇ ನನಗೆ 'ಕಣ್ಣ ಚಾಯ' ಅಂತ ಕೇಳಲು ಹೇಳಿಕೊಟ್ಟಿದ್ದ. ಹಾಲಿಲ್ಲದ ಕಪ್ಪು ಚಹಾಕ್ಕೆ ಇಲ್ಲಿಯ ಹೆಸರು. ಈಗ ತುಳುವಿನ 'ಪೇರ್ ಬೊಡ್ಚಿ', ಮಲಯಾಳದ 'ಪಾಲು ವೇಂಡ' ಎರಡನ್ನೂ ಬಾಯಿಪಾಠ ಮಾಡಿಸಿದ. ಎರಡರ ಅರ್ಥವೂ ಹಾಲು ಬೇಡ ಅಂತಲೇ. ಆಮೇಲೆ ರಾತ್ರಿ ಉಳಿಯಬೇಕಿದ್ದ ಮನೆಗೆ ಫೋನ್ ಮಾಡಿ, "ಒಬ್ಬರಿಗೆ ಹಾಲು, ಮಜ್ಜಿಗೆ, ತುಪ್ಪ, ಜೇನು ಆಗುದಿಲ್ಲ. ಕಾಯಿ ಎಷ್ಟು ಬೇಕಾದರೂ ಆಗ್ತದೆ" ಅಂದ. ಆ ಎರಡನೇ ವಾಕ್ಯ ನನಗೆ ತುಂಬಾ ಇಷ್ಟವಾಯಿತು. ನಾನು ಯಾವಾಗಲೂ ಬೇಡದ್ದನ್ನು ಮಾತ್ರ ಹೇಳಿ ನಿಲ್ಲಿಸುತ್ತಿದ್ದೆ.

ಮೊದಲ ಸುರಂಗ ಒಂದು ಅಡಿಕೆ ತೋಟದ ಮೇಲಿತ್ತು. ಮುರಕಲ್ಲಿನ ಗೋಡೆಯಲ್ಲಿ ಒಬ್ಬರು ಹೋಗುವಷ್ಟೇ ಅಗಲದ ಬಾಯಿ. ಒಳಗೆ ಕಾಲಿಟ್ಟರೆ ತಣ್ಣಗಿನ ಗಾಳಿ, ಪಾದ ಮುಳುಗುವಷ್ಟು ನೀರು, ತಲೆಯ ಮೇಲೆ ಬಾವಲಿ. ಈ ಜಿಲ್ಲೆಯಲ್ಲಿ ಮಳೆಗೇನೂ ಕೊರತೆಯಿಲ್ಲ. ಆದರೆ ಗುಡ್ಡದ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಬಾವಿ ತೋಡಿದರೆ ಆಳ ಜಾಸ್ತಿ. ಅದಕ್ಕೇ ಅಡ್ಡಕ್ಕೆ ಕೊರೆಯುತ್ತಾರೆ. ಕಲ್ಲಿನ ಒಳಗಿಂದ ಜಿನುಗಿದ ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಮೊದಲೆಲ್ಲ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಅಂಗಳಕ್ಕೆ ಬರುತ್ತಿತ್ತು. ಈಗ ಪೈಪು. ಕೆಲವು ಸುರಂಗಗಳು 100 ಮೀಟರ್ ದಾಟುತ್ತವೆ. ಇಲ್ಲಿಯವರ ಲೆಕ್ಕ ಮಾತ್ರ ಕೋಲಿನಲ್ಲಿ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ.

ಸುರಂಗ ಕೊರೆದ ಅಜ್ಜರೊಬ್ಬರು ನಮಗಾಗಿ ಕಾದಿದ್ದರು. ಪಿಕಾಸಿ ಹಿಡಿದ ಅಂಗೈ ಇನ್ನೂ ಗಟ್ಟಿಯಾಗಿತ್ತು. ಒಳಗೆ ಹೋಗುವಾಗ ದೀಪ ಹಚ್ಚಿಕೊಂಡು ಹೋಗುವುದಂತೆ. ದೀಪ ಸಣ್ಣದಾದರೆ ಗಾಳಿ ಕಡಿಮೆಯಾಗಿದೆ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಕೊರೆಯುವ ದಿನಗಳಲ್ಲಿ ಏನು ಊಟ ಅಂತ ಕೇಳಿದೆ. "ಗಂಜಿ. ಚಟ್ನಿ. ಹಲಸಿನ ಬೀಜ ಇದ್ದರೆ ಹಲಸಿನ ಬೀಜ" ಅಂದರು. ಗೈಡ್ ನನ್ನನ್ನು ತೋರಿಸಿ, ಇವರಿಗೆ ಹಾಲು ಆಗುವುದಿಲ್ಲ ಅಂತ ಹೇಳಿದ. ಅಜ್ಜ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ನಮಗೆ ಸಣ್ಣದಿರುವಾಗ ಹಾಲು ಸಿಗ್ತಿರಲಿಲ್ಲ" ಅಂದರು. ನಾನು ಏನೂ ಹೇಳಲಿಲ್ಲ. ಇದ್ದೂ ಬೇಡ ಅನ್ನುವುದು ಬೇರೆ, ಇಲ್ಲದೆ ಇರುವುದು ಬೇರೆ. ಅವರ ಗಂಜಿಯನ್ನು ನನ್ನ ತಟ್ಟೆಯ ಜೊತೆ ಹೋಲಿಸುವ ಹಕ್ಕು ನನಗಿಲ್ಲ ಅಂತ ಅನ್ನಿಸಿತು.

ಸಂಜೆ ಉಳಿದುಕೊಳ್ಳುವ ಮನೆ ತಲುಪಿದೆವು. ಜೀಪಿನ ದಾರಿಯೂ ಮುಗಿದ ಮೇಲೆ ಇಪ್ಪತ್ತು ನಿಮಿಷ ನಡಿಗೆ. ಹವ್ಯಕರ ಮನೆ. ಜಗಲಿಯಲ್ಲಿ ಕೂತ ಕೂಡಲೇ ಬೆಲ್ಲ ಮತ್ತು ತಂಬಿಗೆ ತುಂಬ ಸುರಂಗದ ನೀರು ಬಂತು. ಬಿಸಿಲಲ್ಲಿ ಬಂದವರಿಗೆ ಮೊದಲು ಇದನ್ನೇ ಕೊಡುವ ಕ್ರಮ. ಅಷ್ಟು ರುಚಿಯಾದ ನೀರನ್ನು ನಾನು ಬೇರೆಲ್ಲೂ ಕುಡಿದಿಲ್ಲ.

ಆ ಮನೆಯ ಅಮ್ಮನಿಗೆ ನನ್ನ ಊಟಕ್ಕಿಂತ ಜಾಸ್ತಿ ನನ್ನ ಹೊಟ್ಟೆಯದ್ದೇ ಚಿಂತೆ. "ಮಜ್ಜಿಗೆಯೂ ಆಗುದಿಲ್ಲವಾ? ಈ ಸೆಕೆಗೆ ಹೊಟ್ಟೆ ತಂಪಾಗುದು ಹೇಗೆ?" ನಾನು ಆ ಕರುವಿನ ಕಥೆ ಹೇಳಿದೆ. ಅವರು ನನ್ನನ್ನು ಸೀದಾ ಹಟ್ಟಿಗೆ ಕರೆದುಕೊಂಡು ಹೋದರು. ಕಾಸರಗೋಡು ಗಿಡ್ಡ ತಳಿಯ ದನ, ನನ್ನ ಸೊಂಟದ ಎತ್ತರವೂ ಇಲ್ಲ. ಕಪ್ಪು ಮೈ, ದೊಡ್ಡ ಕಣ್ಣು. "ಇದು ಕೊಡುದೇ ಒಂದೆರಡು ಲೀಟರು. ಕರುವಿಗೆ ಬಿಟ್ಟೇ ನಾವು ಕರೆಯುದು" ಅಂದರು. ಆ ಶೆಡ್ಡಿಗೂ ಈ ಹಟ್ಟಿಗೂ ಎಷ್ಟು ದೂರ ಅಂತ ನನಗೆ ಕಾಣುತ್ತಿತ್ತು. ಹಾಗೇ ಹೇಳಿದೆ. ಆದರೂ ಮಜ್ಜಿಗೆ ಬೇಡ ಅಂದೆ. ಅವರು ಮುಖ ಸಣ್ಣ ಮಾಡಲಿಲ್ಲ. "ಸರಿ, ಪುನರ್ಪುಳಿ ಉಂಟು" ಅಂತ ಒಳಗೆ ನಡೆದರು. ಪುನರ್ಪುಳಿ ಅಂದರೆ ಕೋಕಮ್, ಕೆಂಪಗಿನ ಹುಳಿ ಹಣ್ಣು.

ಊಟದ ಎಲೆ ಬಿತ್ತು. ಕುಚ್ಚಿಲಕ್ಕಿ ಅನ್ನ. ಸೌತೆಕಾಯಿ ಕೊದಿಲು, ಅಂದರೆ ಸಾಂಬಾರು, ತೆಂಗಿನೆಣ್ಣೆಯ ಒಗ್ಗರಣೆ. ಗುಜ್ಜೆ, ಅಂದರೆ ಎಳೆ ಹಲಸಿನಕಾಯಿಯ ಪಲ್ಯ. ಭರಣಿಯಿಂದ ತೆಗೆದ ನೀರುಮಾವಿನಕಾಯಿಯ ಚಟ್ನಿ. ಕಾಟುಮಾವಿನ ಹಣ್ಣಿನ ಸಾಸಮೆ, ಅಂದರೆ ಕಾಯಿ-ಸಾಸಿವೆ ಅರೆದು ಬೆಲ್ಲ ಹಾಕಿ ಮಾಡುವುದು, ಇಡೀ ಹಣ್ಣನ್ನು ಬಾಯಲ್ಲಿಟ್ಟು ಗೊರಟು ಚೀಪಬೇಕು. ಮಜ್ಜಿಗೆಯ ಜಾಗದಲ್ಲಿ ನನಗೆ ಪುನರ್ಪುಳಿ ಸಾರು, ಹುಳಿಯ ಜೊತೆ ಚೂರು ಬೆಲ್ಲ, ದಾಳಿಂಬೆಯಂಥ ಕೆಂಪು. ಕೊನೆಗೆ ಕಡಲೆಬೇಳೆ ಪಾಯಸ. ನಾನು ತಡೆಯುವಷ್ಟರಲ್ಲಿ ಅಮ್ಮ ಹೇಳಿದರು: "ಅದು ಕಾಯಿಹಾಲು. ತುಪ್ಪದಲ್ಲಿ ಹುರಿದ ಗೇರುಬೀಜ ನಿಮ್ಮದಕ್ಕೆ ಹಾಕಲಿಲ್ಲ."

ಬಹುಪಾಲು ಅಡುಗೆ ಹೊಸದಾಗಿ ನನಗೋಸ್ಕರ ಮಾಡಿದ್ದಲ್ಲ. ಅವರು ದಿನವೂ ಉಣ್ಣುವುದೇ ಅದು. 1916ರಿಂದಲೇ ತೆಂಗಿನ ಸಂಶೋಧನೆ ನಡೆಯುತ್ತಿರುವ ಜಿಲ್ಲೆ ಇದು. ಅಡುಗೆಮನೆಯಲ್ಲಿ ಕಾಯಿ ಹೆರೆಯದ ದಿನವಿಲ್ಲ. ಮಜ್ಜಿಗೆ ಹಾಕುವ ಮೇಲಾರ, ತಂಬುಳಿ ಬಿಟ್ಟರೆ ನನಗೆ ಆಗದ್ದು ಕಡಿಮೆಯೇ. ಬೆಂಗಳೂರಿನಲ್ಲಿ ಬಾದಾಮಿ ಹಾಲಿಗೆ ದುಡ್ಡು ಸುರಿಯುವಾಗ ಇದು ನೆನಪಾಗಬೇಕಿತ್ತು.

ಊಟದ ನಂತರ ಮುಜಂಟಿ, ಅಂದರೆ ಕುಟುಕದ ಸಣ್ಣ ಜೇನುನೊಣದ ಜೇನಿನ ರುಚಿ ನೋಡುವ ಕಾರ್ಯಕ್ರಮವಿತ್ತು. ಚಮಚ ನನ್ನನ್ನು ದಾಟಿ ಮುಂದೆ ಹೋಯಿತು. ತಂಡದಲ್ಲಿದ್ದ ಡಾಕ್ಟರೊಬ್ಬರು ಬಿ12 ವಿಟಮಿನ್‌ಗೆ ಏನು ಮಾಡುತ್ತೀರಿ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಬರೀ ಗಿಡಮೂಲದ ಊಟದಲ್ಲಿ ಅದು ನಂಬುವಷ್ಟು ಸಿಗುವುದಿಲ್ಲ, ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಹಾಲು ಬಿಡುವ ಯಾರೂ ಇದನ್ನು ಹಗುರವಾಗಿ ನೋಡಬಾರದು.

ಎರಡನೇ ದಿನ ಮತ್ತೆರಡು ಸುರಂಗ ನೋಡುವುದಿತ್ತು. ಬೆಳಗ್ಗೆ ತೆಳ್ಳವು, ಅಂದರೆ ತೆಳುವಾದ ಅಕ್ಕಿ ದೋಸೆ, ಜೊತೆಗೆ ಕಾಯಿ-ಬೆಲ್ಲ. ಎಂಟು ತಿಂದೆ. ಹೊರಡುವ ಮೊದಲು ಅಮ್ಮ ಒಣಗಿಸಿದ ಪುನರ್ಪುಳಿ ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. "ಮಜ್ಜಿಗೆ ಬದಲಿಗೆ" ಅಂದರು. ಆಮೇಲೆ ಹಾಲು ಕರೆಯುವ ಚೆಂಬು ಹಿಡಿದು ಹಟ್ಟಿಗೆ ಹೊರಟರು. ನಾನೂ ಹಿಂದೆ ಹೋದೆ. ಅವರು ಕರುವಿನ ಹಗ್ಗ ಬಿಚ್ಚಿದರು. ಅದು ಓಡಿ ಬಂದು ಕೆಚ್ಚಲಿಗೆ ತಲೆ ಗುದ್ದಿ ಕುಡಿಯತೊಡಗಿತು. ಮೇಲಿನ ದಾರಿಯಿಂದ ಗೈಡ್ ಕೂಗುತ್ತಿದ್ದ. ಅಮ್ಮ ಚೆಂಬನ್ನು ಕೆಳಗಿಟ್ಟು ದನದ ಕುತ್ತಿಗೆ ಸವರುತ್ತಾ ನಿಂತರು. ಕರು ಕುಡಿದು ಮುಗಿಸುವ ತನಕ ನಾನೂ ಅಲ್ಲೇ ನಿಂತಿದ್ದೆ.