ಗೋಸಂಪಿಗೆಯ ಕಸಿಗೆ ಕಡ್ಡಿ ಸಿದ್ಧಪಡಿಸುವುದು

ಉಡುಪಿಯ ಕಡೆ ಗೋಸಂಪಿಗೆಗೆ ಕಸಿ ಕಟ್ಟಲು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳೇ ಸೂಕ್ತ. ಮಳೆಗಾಲದ ತೇವಕ್ಕೆ ಗಾಯ ಕೊಳೆಯುವುದಲ್ಲದೆ, ಎಲೆಯಡಿಯಲ್ಲಿ ಕಿತ್ತಳೆ ಪುಡಿಯಂತೆ ಕಾಣುವ ತುಕ್ಕುರೋಗವೂ ಹರಡುವುದರಿಂದ ಜೂನ್ ನಂತರ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ತೀರಾ ಎಳೆಯ ಹಸಿರು ಕಡ್ಡಿ ಬೇಗ ಬಾಡುತ್ತದೆ. ಸಿಪ್ಪೆ ಹಸಿರಿನಿಂದ ಬೂದು ಬಣ್ಣಕ್ಕೆ ತಿರುಗಿರುವ, ತುದಿಯ ಮೊಗ್ಗು ಗಟ್ಟಿಯಾಗಿರುವ, ಬೇರುಗಿಡದ (ಕಡ್ಡಿಯನ್ನು ಕೂಡಿಸಲಿರುವ, ಬೇರುಬಿಟ್ಟ ಗಿಡದ) ಕಾಂಡದಷ್ಟೇ ದಪ್ಪದ 10ರಿಂದ 15 ಸೆಂಟಿಮೀಟರ್ ಉದ್ದದ ಕಡ್ಡಿಯನ್ನು ನಾನು ಆರಿಸುತ್ತೇನೆ. ಎಲೆಗಳಿದ್ದರೆ ತೊಟ್ಟಿನ ಸಣ್ಣ ತುಂಡು ಉಳಿಯುವಂತೆ ಕತ್ತರಿಸಬೇಕು. ಕಾಂಡಕ್ಕೆ ಗಾಯವಾಗದಂತೆ ಅದು ತಾನಾಗಿಯೇ ಕಳಚಿಕೊಳ್ಳುತ್ತದೆ.

ಕತ್ತರಿಸಿದೊಡನೆ ಹಾಲಿನಂಥ ಸೊನೆ ಹನಿಹನಿಯಾಗಿ ಒಸರುತ್ತದೆ. ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ ತರುವ ಸೊನೆ ಇದಾದ್ದರಿಂದ ಕೈಗವಸು ಬೇಕು. ಒಸರುವುದು ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಕಡ್ಡಿಯ ಅಡ್ಡಸೀಳನ್ನು ನೋಡಬೇಕು: ನಡುವಿನ ಮೆತ್ತನೆಯ ತಿರುಳು ಬೆಳ್ಳಗಿದ್ದರೆ ಕಡ್ಡಿ ಆರೋಗ್ಯವಾಗಿದೆ, ಕಂದು ಬಣ್ಣ ಕಂಡರೆ ಕೊಳೆ ಹತ್ತಿದೆ. ಬಿಳಿ ತಿರುಳು ಸಿಗುವವರೆಗೂ ಕತ್ತರಿಸುತ್ತಾ ಹೋಗಬೇಕು, ಸಿಗದಿದ್ದರೆ ಎಸೆಯಬೇಕು. ಹೂವಿನ ಬಣ್ಣ ಎಷ್ಟೇ ಅಪರೂಪದ್ದಾದರೂ ಇಲ್ಲಿ ದಾಕ್ಷಿಣ್ಯ ಸಲ್ಲದು.

ಬುಡವನ್ನು ಎರಡೂ ಬದಿಗಳಿಂದ 3 ಸೆಂಟಿಮೀಟರಿನಷ್ಟು ಬೆಣೆಯಾಕಾರದಲ್ಲಿ, ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ಯಬೇಕು. ಮೇಲ್ಮೈ ಏರುಪೇರಾದರೆ ಕಡ್ಡಿ ಮತ್ತು ಬೇರುಗಿಡಗಳ ಸಿಪ್ಪೆಯೊಳಗಿನ ಹಸಿರು ಪದರಗಳು ಒಂದನ್ನೊಂದು ಮುಟ್ಟದೆ ಬೆಸುಗೆ ಕೂಡುವುದಿಲ್ಲ. ಬೇರುಗಿಡ ಇನ್ನೂ ಸಿದ್ಧವಿಲ್ಲದಿದ್ದರೆ, ಬೆಣೆ ಕೊಯ್ಯದ ಕಡ್ಡಿಯನ್ನು ನೀರು ತಾಗಿಸದೆ ಕೆಲವು ದಿನ ನೆರಳಿನಲ್ಲಿ ಇಡಬಹುದು.