ಅಲಾರಿಕ್ ಹೋದ ದಾರಿ: ರೋಮ್‌ನಿಂದ ಕೊಸೆಂಜಾವರೆಗೆ

ರೋಮಿಗೆ ಹೋದವರೆಲ್ಲ ಕೊಲೋಸಿಯಂ ಮುಂದೆ ಕ್ಯೂ ನಿಲ್ಲುತ್ತಾರೆ. ನಿಲ್ಲಿ, ಬೇಡ ಅನ್ನುವುದಿಲ್ಲ. ಆದರೆ ಅಷ್ಟು ದೊಡ್ಡ ಸಾಮ್ರಾಜ್ಯ ಕುಸಿದದ್ದು ಹೇಗೆ ಅನ್ನುವ ಕುತೂಹಲ ಇದ್ದರೆ ಒಂದು ಬೆಳಿಗ್ಗೆ ಪಿಯಾತ್ಸಾ ಫ್ಯೂಮೆಗೂ ಹೋಗಿ ಬನ್ನಿ. ಟರ್ಮಿನಿ ನಿಲ್ದಾಣದಿಂದ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಕ್ರಿ.ಶ. 410ರ ಆಗಸ್ಟ್ 24ರಂದು ಗಾತ್ ಎಂಬ ಜರ್ಮ್ಯಾನಿಕ್ ಬುಡಕಟ್ಟಿನ ನಾಯಕ ಅಲಾರಿಕ್‌ನ ಸೇನೆ ಊರೊಳಗೆ ನುಗ್ಗಿದ ಸಲಾರಿಯಾ ಬಾಗಿಲು ಇಲ್ಲೇ ಇತ್ತು. ಅದನ್ನು 1921ರಲ್ಲೇ ಕೆಡವಿದ್ದಾರೆ, ಹುಡುಕುತ್ತ ಅಲೆಯಬೇಡಿ. ಪಕ್ಕದ ಕೋಟೆಗೋಡೆ ಮಾತ್ರ ಗಟ್ಟಿಯಾಗಿಯೇ ನಿಂತಿದೆ. ಗೋಡೆ ಒಡೆಯಲಿಲ್ಲ, ಒಳಗಿನವರೇ ಬಾಗಿಲು ತೆಗೆದರು ಅನ್ನುತ್ತವೆ ಹಳೆಯ ಬರಹಗಳು.

ಅಲ್ಲಿಂದ ಹಳೇ ರೋಮಿನ ಮುಖ್ಯ ಚೌಕವಾಗಿದ್ದ ಫೋರಂಗೆ ಬನ್ನಿ. ಕೊಲೋಸಿಯಂ ಟಿಕೆಟ್ಟಿನಲ್ಲೇ ಇದೂ ಸೇರಿರುತ್ತದೆ. ಅಲ್ಲಿನ ಸಾರ್ವಜನಿಕ ಸಭಾಂಗಣ ಬೆಸಿಲಿಕಾ ಎಮಿಲಿಯಾದ ಅಮೃತಶಿಲೆಯ ನೆಲವನ್ನು ಬಗ್ಗಿ ನೋಡಿ. ಅಲ್ಲಲ್ಲಿ ಹಸಿರು ಕಲೆಗಳು ಕಾಣುತ್ತವೆ, ನಾಣ್ಯಗಳು ಬೆಂಕಿಗೆ ಕರಗಿ ಕಲ್ಲಿಗೆ ಅಂಟಿದ ಗುರುತು. ಆ ಬೆಂಕಿ 410ರದು ಅನ್ನುವುದು ವಾಡಿಕೆ. ಮೇಲಿನ ಕಂಬಗಳನ್ನೇ ನೋಡುತ್ತ ಹೋಗುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಅಲಾರಿಕ್ ಬರೀ ಸುಲಿಗೆಗೆ ಬಂದವನಲ್ಲ. 394ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಪರವಾಗಿ ಕಾದಾಡಿದ್ದ. ಆಮೇಲೆ ಕೇಳಿದ್ದು ತನ್ನ ಜನಕ್ಕೆ ನೆಲ, ಧಾನ್ಯ, ತನಗೊಂದು ಸೇನಾಪತಿ ಪದವಿ. 408ರಲ್ಲಿ ರೋಮನ್ನು ಮುತ್ತಿದಾಗ ಮುತ್ತಿಗೆ ತೆಗೆಯಲು 5000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿಯ ಜೊತೆಗೆ 3000 ಪೌಂಡ್ ಕಾಳುಮೆಣಸನ್ನೂ ವಸೂಲಿ ಮಾಡಿದ. ಆಗ ರೋಮಿಗೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ! ಆಗಿನ ಚಕ್ರವರ್ತಿ ಹೊನೋರಿಯಸ್ ಮಾತ್ರ ಜೌಗುನೆಲದ ನಡುವಿನ ರವೆನ್ನಾದಲ್ಲಿ ಕ್ಷೇಮವಾಗಿ ಕೂತು ಸಂಧಾನ ಮುರಿಯುತ್ತಲೇ ಹೋದ. ನನ್ನ ಲೆಕ್ಕದಲ್ಲಿ ರೋಮ್ ಸೂರೆಯಾದದ್ದಕ್ಕೆ ಅಲಾರಿಕ್‌ನಷ್ಟೇ ಹೊಣೆ ಅವನದೂ ಇದೆ.

ಕೊನೆಗೆ 410ರಲ್ಲಿ ಊರು ಹೊಕ್ಕಾಗ ಸೂರೆ ಮೂರು ದಿನ ನಡೆಯಿತು. ಅಲಾರಿಕ್ ದಕ್ಷಿಣಕ್ಕೆ ಹೊರಟವನು ಅದೇ ವರ್ಷ ದಕ್ಷಿಣ ಇಟಲಿಯ ಕೊಸೆಂಜಾ ಬಳಿ ತೀರಿಕೊಂಡ. ಅವನ ಜನ ಬುಸೆಂಟೋ ಹೊಳೆಯನ್ನು ತಿರುಗಿಸಿ, ಅವನನ್ನು ಅದರ ತಳದಲ್ಲಿ ಹೂತು, ಗುಟ್ಟು ಹೊರಬೀಳದಂತೆ ಗುಂಡಿ ತೋಡಿದ ಸೆರೆಯಾಳುಗಳನ್ನು ಕೊಂದರಂತೆ. ಗೋರಿ ಇವತ್ತಿಗೂ ಸಿಕ್ಕಿಲ್ಲ. ಬುಸೆಂಟೋ, ಕ್ರಾತಿ ಎರಡೂ ಕೂಡುವ ಜಾಗದಲ್ಲಿ ನಿಂತು ನೋಡಬಹುದು. ಹತ್ತಿರದಲ್ಲೇ ಕುದುರೆ ಮೇಲಿನ ಅಲಾರಿಕ್ ಪ್ರತಿಮೆಯೂ ಇದೆ.

ರೋಮಿನಿಂದ ಪಾವೊಲಾವರೆಗೆ ವೇಗದ ರೈಲು, ಅಲ್ಲಿಂದ ಕೊಸೆಂಜಾಕ್ಕೆ ಲೋಕಲ್. ಲೋಕಲ್‌ಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲೇ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಕೊಸೆಂಜಾ ನಿಲ್ದಾಣ ಹಳೇ ಊರಿನಿಂದ ದೂರ, ಸಿಟಿ ಬಸ್ ಹಿಡಿಯಬೇಕು. ರೋಮ್ ಸೂರೆಯಾದ ಆಗಸ್ಟ್ 24ಕ್ಕೇ ಹೋಗಬೇಕೆಂಬ ಆಸೆ ಬೇಡ: ಆಗಸ್ಟಿನಲ್ಲಿ ಬಿಸಿಲು ವಿಪರೀತ, ಎಷ್ಟೋ ಅಂಗಡಿ, ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಅಕ್ಟೋಬರ್ ವಾಸಿ.