ರೈಲಲ್ಲಿ ವೈರ್ ಸುಟ್ಟ ವಾಸನೆ ಬಂದ್ರೆ ಸುಮ್ನೆ ಕೂರ್ಬೇಡಿ

ನಮ್ಮ ಹಾಸನದ ಕಡೆಯೋರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಅಂತ ಎಲ್ಲದಕ್ಕೂ ರೈಲೇ ಹತ್ತೋದು. ಲೋಯರ್ ಬರ್ತ್ ಸಿಕ್ತಾ ಅಂತ ನೋಡ್ತೀವಿ, ಎಮರ್ಜೆನ್ಸಿ ಕಿಟಕಿ ಎಲ್ಲಿದೆ ಅಂತ ನೋಡಲ್ಲ. ನಾನು ವೈರಿಂಗ್ ಕೆಲ್ಸದೋನು, ಅದಕ್ಕೇ ಇದನ್ನ ಬರೀಲೇಬೇಕು ಅನ್ನಿಸ್ತು.

ಮೊನ್ನೆ ಹುಬ್ಬಳ್ಳಿ ಕಡೆ ಹೋಗೋ ರಾತ್ರಿ ಗಾಡೀಲಿ ಬೀರೂರು ದಾಟಿದ್ಮೇಲೆ ಎದುರಿಗಿದ್ದ ಹುಡುಗ ಸಾಕೆಟ್ ಸಡಿಲ ಅಂತ ಪೇಪರ್ ಮಡಚಿ ಪಿನ್ ಜೊತೆ ತುರುಕಿ ಫೋನ್ ಚಾರ್ಜಿಗೆ ಹಾಕಿದ್ದ. ಮುಟ್ಟಿ ನೋಡಿದ್ರೆ ಪ್ಲಗ್ ಸುಡ್ತಿದೆ, ಸಾಕೆಟ್ಟಿನ ಪ್ಲಾಸ್ಟಿಕ್ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದೆ. ಸ್ವಿಚ್ ಆಫ್ ಮಾಡ್ಸಿದೆ. "ಅಂಕಲ್, ನಾಲ್ಕೇ ಪರ್ಸೆಂಟ್ ಇದೆ" ಅಂದ. ನನ್ನ ಪವರ್ ಬ್ಯಾಂಕ್ ಕೊಟ್ಟೆ.

ಪಿನ್ ಗಟ್ಟಿಯಾಗಿ ಕೂರದಿದ್ರೆ ತಾಗೋ ಜಾಗ ಚಿಕ್ಕದಾಗಿ ಅಲ್ಲೇ ಕಾಯುತ್ತೆ, ಗಾಡಿ ಅಲುಗಾಡಿದಂಗೆಲ್ಲ ಸಣ್ಣಗೆ ಸ್ಪಾರ್ಕ್ ಆಗ್ತಿರುತ್ತೆ, ತಾನಾಗೇ ಬಿದ್ದು ಕರೆಂಟ್ ಕಡಿಯೋ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಅಂತ ನಂಬೋಹಂಗಿಲ್ಲ ಯಾಕಂದ್ರೆ ಅದು ಬೀಳೋದು ಕರೆಂಟ್ ಜಾಸ್ತಿ ಹರಿದ್ರೆ, ಲೂಸ್ ಕನೆಕ್ಷನ್‌ನಲ್ಲಿ ಹಂಗೆ ಹರಿಯೋದೇ ಇಲ್ಲ. ಹಳೇ ನೀಲಿ ಬೋಗಿಗಳಲ್ಲಿ ಸಾಲದ್ದಕ್ಕೆ 110 ವೋಲ್ಟ್ ಡಿಸಿ ಕರೆಂಟು, ಡಿಸಿ ಸ್ಪಾರ್ಕ್ ಮನೇಲಿ ಬರೋ ಎಸಿ ಕರೆಂಟಿನಷ್ಟು ಸುಲಭಕ್ಕೆ ಆರಲ್ಲ.

2013ರ ಡಿಸೆಂಬರ್ 28ರ ಬೆಳಗಿನ ಜಾವ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿಗೆ ಪುಟ್ಟಪರ್ತಿ ಹತ್ರ ಬೆಂಕಿ ಬಿದ್ದು 26 ಜನ ಹೋದ್ರು. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಬಂದ್ ಮಾಡಿ ಅನ್ನೋ ಶಿಫಾರಸು ಬಂದಿದ್ದು ಅದಾದ್ಮೇಲೆ. ರಾತ್ರಿ ಕರೆಂಟ್ ತೆಗೀತಾರೆ ಅಂತ ಬೈಯೋರು ಇದನ್ನೊಂದು ತಿಳ್ಕೊಂಡಿರ್ಲಿ.

ವಾಸನೆ ಬಂದ ತಕ್ಷಣ ಬೋಗಿ ಅಟೆಂಡರಿಗೋ ಟಿಟಿಇಗೋ ಹೇಳಿ, ಸಿಗ್ಲಿಲ್ಲ ಅಂದ್ರೆ 139ಕ್ಕೆ ಫೋನ್ ಮಾಡಿ. ಬೆಂಕಿ ಕಾಣಿಸ್ತು ಅಂದ್ರೆ ಮೊದ್ಲು ಜನಾನ ಎಬ್ಬಿಸಿ ಪಕ್ಕದ ಬೋಗಿಗೆ ದಾಟ್ಸಿ, ಲಗೇಜ್ ಅಲ್ಲೇ ಬಿಡಿ, ಆ ಒಂದು ಸೂಟ್‌ಕೇಸ್ ಅಡ್ಡ ಬಿದ್ರೆ ಹಿಂದೆ ಇರೋ ಅಜ್ಜಿ ದಾಟಕ್ಕಾಗಲ್ಲ. ಬೆಂಕಿಗಿಂತ ಮೊದ್ಲು ಕೊಲ್ಲೋದು ಹೊಗೆ, ಅದು ಮೇಲೇರುತ್ತೆ, ಅಪ್ಪರ್ ಬರ್ತಲ್ಲಿ ಮಲಗಿರೋರನ್ನೇ ಮೊದ್ಲು ಎಬ್ಬಿಸ್ಬೇಕು. ಒದ್ದೆ ಟವೆಲ್ ಮೂಗಿಗೆ ಹಿಡ್ಕೊಂಡು ಬಗ್ಗಿ ನಡೀರಿ. ಕರೆಂಟಿನ ಬೆಂಕಿಗೆ ನೀರು ಮಾತ್ರ ಎರಚ್ಬೇಡಿ. ಬಾಗಿಲ ಹತ್ರ ಕೆಂಪು ಸಿಲಿಂಡರ್ ಇದ್ರೆ ಪಿನ್ ಕಿತ್ತು ಬೆಂಕಿಯ ಬುಡಕ್ಕೆ ಹೊಡೀರಿ, ಅರ್ಧ ನಿಮಿಷವೂ ಬರಲ್ಲ ಅದು, ಶುರುವಿನ ಬೆಂಕಿಗಷ್ಟೇ ಸಾಕಾಗುತ್ತೆ.

ಚೈನ್ ಎಳೀಬೇಕು, ಆದ್ರೆ ಎಲ್ಲಿ ಅನ್ನೋದು ನಮ್ಮ ಕಡೆ ತುಂಬಾ ಮುಖ್ಯ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 55 ಕಿಲೋಮೀಟರಲ್ಲಿ 57 ಸುರಂಗ ಇದಾವೆ, ಸೇತುವೆಗಳು ಬೇರೆ. ಸುರಂಗದೊಳಗೆ ನಿಲ್ಸಿದ್ರೆ ಹೊಗೆ ಹೋಗಕ್ಕೆ ದಾರಿನೇ ಇಲ್ಲ, ಸೇತುವೆ ಮೇಲಾದ್ರೆ ಕಾಲಿಡಕ್ಕೆ ಜಾಗ ಇಲ್ಲ. ಅಲ್ಲಿ ಸುರಂಗ ದಾಟಕ್ಕೆ ಒಂದೆರಡು ನಿಮಿಷ ಹಿಡೀಬಹುದು, ಅಷ್ಟರಲ್ಲಿ ಪಕ್ಕದ ಬೋಗಿಗೆ ದಾಟ್ಕೊಳ್ಳಿ, ಬಯಲಿಗೆ ಬಂದ್ಮೇಲೆ ಎಳೀರಿ.

ಇಳಿಯೋವಾಗ್ಲೂ ಹುಷಾರು. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಹತ್ರ ಪುಷ್ಪಕ್ ಎಕ್ಸ್‌ಪ್ರೆಸ್ಸಲ್ಲಿ ಬೆಂಕಿ ಅಂತ ಗುಲ್ಲೆದ್ದು ಜನ ಪಕ್ಕದ ಹಳಿಗೆ ಹಾರಿದ್ರು, ಆ ಹಳೀಲಿ ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಬಂತು, ಹತ್ತಕ್ಕೂ ಹೆಚ್ಚು ಜನ ಸತ್ರು. ಬೆಂಕಿ ಇರಲೇ ಇಲ್ಲ. ಅರಸೀಕೆರೆಯಿಂದ ಬೆಂಗಳೂರಿಗೂ ಡಬಲ್ ಲೈನೇ ಇರೋದು, ಇನ್ನೊಂದು ಹಳಿ ಇಲ್ಲದ ಕಡೆ ನೋಡ್ಕೊಂಡು ಇಳೀರಿ, ಮಕ್ಕಳ ಕೈ ಬಿಡ್ಬೇಡಿ.